‘ಇಲ್ಲ’ ಎಂಬ ಅರಿವಿಗೆ ಪ್ರಮಾಣ

ಒಂದು ವಸ್ತು ಇದೆಯೆಂಬುದನ್ನು ಕಣ್ಣು ಕಿವಿಗಳು ತಿಳಿಸುತ್ತವೆ, ಅವುಗಳಿಗೆ ನಿಲುಕದಿದ್ದಾಗ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಗುರುತುಗಳಿಂದ ಊಹಿಸಲೂಬಹುದು. ಆದರೆ ಒಂದು ವಸ್ತು ಇಲ್ಲವೆಂಬುದನ್ನು ತಿಳಿಸಿಕೊಡುವ ಸಾಧನ ಯಾವುದು ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳು ಎಂದೂ ಒಮ್ಮತದ ಉತ್ತರ ಕೊಟ್ಟಿಲ್ಲ. ನೆಲದ ಮೇಲೆ ಗಡಿಗೆಯಿಲ್ಲ ಎಂಬ ಸಾಮಾನ್ಯ ಮಾತನ್ನೇ ಉದಾಹರಣೆಯಾಗಿಟ್ಟುಕೊಂಡು ನೈಯಾಯಿಕರು ಇಲ್ಲದಿರುವಿಕೆಯೂ ಕಣ್ಣಿಗೇ ಗೋಚರವಾಗುತ್ತದೆ ಎಂದರು. ಪ್ರಾಭಾಕರ ಮೀಮಾಂಸಕರು ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ, ಬರಿಯ ನೆಲವನ್ನು ಕಂಡದ್ದನ್ನೇ ಜನ ಹಾಗೆ ಹೇಳುತ್ತಾರೆ ಎಂದರು. ಬೌದ್ಧ ತಾರ್ಕಿಕನಾದ ಧರ್ಮಕೀರ್ತಿ ಅದನ್ನು ಅನುಮಾನದ ಒಂದು ಬಗೆಯಾಗಿ ಎಣಿಸಿದನು. ಏಳನೆಯ ಶತಮಾನದ ಕುಮಾರಿಲಭಟ್ಟನಾದರೋ ‘ಶ್ಲೋಕವಾರ್ತಿಕ’ದ ಒಂದು ಪ್ರಕರಣವನ್ನೇ ಇದಕ್ಕೆ ಮೀಸಲಿಟ್ಟು, ಇಲ್ಲದಿರುವಿಕೆಯನ್ನು ತಿಳಿಸುವುದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ, ಅದೊಂದು ಸ್ವತಂತ್ರ ಪ್ರಮಾಣ ಎಂದು ಸಾಧಿಸಿದನು. ಮುಂದೆ ಅನುಪಲಬ್ಧಿ, ಎಂದರೆ ಕಾಣಸಿಗದಿರುವಿಕೆ, ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು ಇದೇ ಪ್ರಮಾಣ.

ಲೋಕವ್ಯವಹಾರದ ಮಟ್ಟಿಗೆ ಅದ್ವೈತಿಗಳು ಭಾಟ್ಟರ, ಎಂದರೆ ಕುಮಾರಿಲಭಟ್ಟನ ಅನುಯಾಯಿಗಳ, ಈ ನಿಲುವನ್ನು ಒಪ್ಪಿಕೊಂಡರು. ಧರ್ಮರಾಜ ಅಧ್ವರೀಂದ್ರನ ‘ವೇದಾಂತಪರಿಭಾಷೆ’ ಎಣಿಸುವ ಆರು ಪ್ರಮಾಣಗಳಲ್ಲಿ ಕೊನೆಯದು ಅನುಪಲಬ್ಧಿಯೇ. ಮಧ್ವಾಚಾರ್ಯರ ಪರಂಪರೆ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರನ್ನಷ್ಟೇ ಒಪ್ಪಿ, ಅನುಪಲಬ್ಧಿಯನ್ನು ಬೇರೆ ಪ್ರಮಾಣವೆಂದು ಎಣಿಸದೆ ಅವುಗಳಲ್ಲಿಯೇ ಅಡಗಿಸಿತು. ಹೀಗಾಗಿ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿಯ ಬಬ್ಬೂರಿನ ಹೆಸರನ್ನು ಹೊತ್ತಿರುವ ಬಬ್ಬೂರುಕಮ್ಮೆ ಎಂಬ ಸ್ಮಾರ್ತ ಪಂಗಡದ ಮನೆಗಳ ಹಳೆಯ ವೇದಾಂತಪಾಠಕ್ಕೂ ಅದೇ ಸೀಮೆಯ ಮಾಧ್ವ ಮನೆಗಳ ಪಾಠಕ್ಕೂ ಈ ಒಂದು ವಿಷಯದಲ್ಲಿ ಭೇದವಿತ್ತು. ಆ ಭೇದ ಕೇವಲ ಶಾಸ್ತ್ರಿಗಳ ವಾಗ್ವಾದವಾಗಿ ಉಳಿದಿಲ್ಲವೆಂಬುದನ್ನು ಇಂದಿನ ಒಂದು ಕಸುಬು, ಜಾವಾ ಭಾಷೆಯಲ್ಲಿ ಬರೆದ ವೆಬ್ ಅಪ್ಲಿಕೇಶನ್ನನ್ನು ಸರ್ವರಿಗೆ ಏರಿಸುವಾಗ ತಲೆದೋರುವ ದೋಷಗಳ ಶೋಧನೆ, ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಏಕೆಂದರೆ ಆ ದೋಷಗಳಲ್ಲಿ ಬಹುಪಾಲು ‘ಇಂಥದು ಇಲ್ಲ’ ಎಂಬ ರೂಪದಲ್ಲಿಯೇ ಬರುತ್ತವೆ.

ಕಾಣಲಿಲ್ಲ ಎಂಬುದರಿಂದ ಇಲ್ಲ ಎಂಬಲ್ಲಿಗೆ ಸಾಗಲು ಶಾಸ್ತ್ರಕಾರರು ಒಂದು ಕಟ್ಟುಪಾಡನ್ನು ವಿಧಿಸಿದರು. ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದರೆ ಮಾತ್ರ ಕಾಣದಿರುವಿಕೆ ಪ್ರಮಾಣವಾಗುತ್ತದೆ. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ ಎನ್ನಲಾಗದು. ಜೊತೆಗೆ ಪ್ರತಿಯೊಂದು ಅಭಾವಕ್ಕೂ ಎರಡು ಕೊನೆಗಳಿರುತ್ತವೆ: ಯಾವುದು ಇಲ್ಲವೋ ಅದು ಪ್ರತಿಯೋಗಿ, ಎಲ್ಲಿ ಇಲ್ಲವೋ ಅದು ಅಧಿಕರಣ. ಬಬ್ಬೂರು ಫಾರಂ ಎಂದೇ ಜನ ಕರೆಯುವ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಂಥ ಕಡೆ ಪ್ರತಿದಿನ ಬೆಳಗಿನ ಎಂಟೂವರೆಗೆ ಮಳೆಮಾಪಕವನ್ನು ನೋಡಿ ಅಂಕಿ ಬರೆಯುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಗಿ ಬಂದ ಈ ಬಯಲುಸೀಮೆಯಲ್ಲಿ ಅಂಥ ಪುಸ್ತಕದ ಬಹುತೇಕ ಸಾಲುಗಳಲ್ಲಿ ಸೊನ್ನೆಯೇ ಇರುವುದು ಸಹಜ; ಆದರೆ ಮಾಪಕವನ್ನು ತೆರೆದು ನೋಡಿ ಬರೆದ ಸೊನ್ನೆಗೂ, ಯಾರೂ ನೋಡದೆ ಖಾಲಿ ಬಿಟ್ಟ ಮನೆಗೂ ಅಜಗಜಾಂತರ. ಸೊನ್ನೆಯು ಮಳೆಯಿಲ್ಲವೆಂಬ ಜ್ಞಾನ, ಖಾಲಿ ಮನೆಯು ಜ್ಞಾನವಿಲ್ಲವೆಂಬುದರ ಗುರುತು. ಎರಡನ್ನೂ ಒಂದೇ ಎಂದು ಕೂಡಿಸಿ ಸರಾಸರಿ ತೆಗೆದವನ ಲೆಕ್ಕ ಬೆಳೆಯ ವಿಚಾರದಲ್ಲಿ ರೈತನಿಗೆ ಕೈಕೊಡುತ್ತದೆ.

ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಭಾಷೆ. ಒಮ್ಮೆ ಬರೆದದ್ದು ಎಲ್ಲ ಯಂತ್ರಗಳಲ್ಲಿಯೂ ನಡೆಯಬೇಕೆಂಬುದು ಅದರ ಮೂಲ ಸಂಕಲ್ಪ. ಅದರಲ್ಲಿ ಬರೆದ ಕೋಡು ಕ್ಲಾಸ್ ಎಂಬ ಘಟಕಗಳಾಗಿ ಮಾರ್ಪಟ್ಟು, ಅವುಗಳ ಕಟ್ಟುಗಳು ಜಾರ್ ಫೈಲುಗಳಾಗಿ, ಎಲ್ಲವೂ ಸೇರಿ ವಾರ್ ಎಂಬ ಒಂದು ಫೈಲಾಗಿ ಟಾಮ್‌ಕ್ಯಾಟಿನಂಥ ಸರ್ವರಿಗೆ ಹೋಗುತ್ತದೆ. ಹೀಗೆ ಏರಿಸುವುದನ್ನೇ ಡಿಪ್ಲಾಯ್ ಮಾಡುವುದು ಎನ್ನುತ್ತಾರೆ. ವಾರ್ ಫೈಲಿನೊಳಗೆ ವೆಬ್-ಇನ್ಫ್ ಎಂಬ ಫೋಲ್ಡರು, ಅದರೊಳಗೆ ತಮ್ಮ ಸ್ವಂತ ಕ್ಲಾಸುಗಳಿಗೆ ‘ಕ್ಲಾಸಸ್’ ಎಂಬ ಜಾಗ, ಎರವಲು ತಂದ ಜಾರುಗಳಿಗೆ ‘ಲಿಬ್’ ಎಂಬ ಜಾಗ ಇರುತ್ತವೆ. ನಡೆಯುವ ಹೊತ್ತಿನಲ್ಲಿ ಒಂದು ಕ್ಲಾಸ್ ಬೇಕಾದಾಗ ಅದನ್ನು ಹುಡುಕಿ ತರುವ ಭಾಗಕ್ಕೆ ಕ್ಲಾಸ್ ಲೋಡರ್ ಎಂದು ಹೆಸರು. ಟಾಮ್‌ಕ್ಯಾಟಿನ ಲೋಡರ್ ಮೊದಲು ಜಾವಾದ ಮೂಲ ಕ್ಲಾಸುಗಳನ್ನು, ಆಮೇಲೆ ಅಪ್ಲಿಕೇಶನ್ನಿನ ‘ಕ್ಲಾಸಸ್’ ಮತ್ತು ‘ಲಿಬ್’ ಫೋಲ್ಡರುಗಳನ್ನು, ಕೊನೆಗೆ ಸರ್ವರಿನ ಸಾಮಾನ್ಯ ಲಿಬ್ ಫೋಲ್ಡರನ್ನು ನೋಡುತ್ತದೆ. ಎಲ್ಲಿಯೂ ಸಿಗದಿದ್ದರೆ ‘ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಶನ್’ ಎಂಬ ದೋಷವನ್ನು ಎಸೆಯುತ್ತದೆ. ತತ್ತ್ವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದೊಂದು ಅಭಾವವಾಕ್ಯ: ಪ್ರತಿಯೋಗಿಯ ಹೆಸರನ್ನು ಅದು ಅಕ್ಷರ ತಪ್ಪದೆ ಹೇಳುತ್ತದೆ, ಅಧಿಕರಣದ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ.

ದೋಷಶೋಧನೆಯಲ್ಲಿ ಆಗುವ ಹೆಚ್ಚಿನ ತಪ್ಪುಗಳ ಮೂಲ ಇಲ್ಲಿಯೇ ಇದೆ. ಡೇಟಾಬೇಸಿನ ಡ್ರೈವರ್ ಕ್ಲಾಸ್ ಸಿಗಲಿಲ್ಲ ಎಂಬ ಸಾಲನ್ನು ಲಾಗ್ ಫೈಲಿನಲ್ಲಿ ಓದಿದವರು ತಮ್ಮ ಕಂಪ್ಯೂಟರಿನಲ್ಲಿ ಆ ಜಾರ್ ಇರುವುದನ್ನು ಕಂಡು, ಇದೆಯಲ್ಲ, ಸರ್ವರೇ ತಪ್ಪು ಹೇಳುತ್ತಿದೆ ಎನ್ನುತ್ತಾರೆ; ಸರ್ವರು ಹೇಳಿದ್ದು ತನ್ನ ಲೋಡರಿನ ಕಣ್ಣಳತೆಯಲ್ಲಿ ಇಲ್ಲವೆಂದು, ಇವರು ನೋಡಿದ್ದು ಮತ್ತೊಂದು ಅಧಿಕರಣದಲ್ಲಿ. ಮೇವನ್ ಎಂಬ ಕಟ್ಟುವ ಸಲಕರಣೆಯಲ್ಲಿ ಒಂದು ಜಾರನ್ನು ‘ಪ್ರೊವೈಡೆಡ್’ ಎಂದು ಗುರುತಿಸಿದರೆ, ಇದನ್ನು ಸರ್ವರೇ ಒದಗಿಸುತ್ತದೆ ಎಂಬ ನಂಬಿಕೆಯಿಂದ ಮೇವನ್ ಅದನ್ನು ವಾರ್ ಫೈಲಿಗೆ ಸೇರಿಸುವುದಿಲ್ಲ. ಸರ್ವರಿನಲ್ಲಿಯೂ ಅದು ಇಲ್ಲದಿದ್ದರೆ ಇಬ್ಬರೂ ಇನ್ನೊಬ್ಬರ ಬಳಿ ಇದೆಯೆಂದುಕೊಂಡ ವಸ್ತು ಯಾರ ಬಳಿಯೂ ಇಲ್ಲವಾಗುತ್ತದೆ. ಇನ್ನು ಬ್ರೌಸರಿನ ಪರದೆಯ ಮೇಲೆ ಬರುವ 404 ಎಂಬ ಸಂಖ್ಯೆಯಂತೂ ಇನ್ನೂ ದಾರಿ ತಪ್ಪಿಸುವಂಥದು. ಕೇಳಿದ ಪುಟ ಇಲ್ಲವೆಂಬುದು ಅದರ ಅರ್ಥವಾದರೂ, ಅಪ್ಲಿಕೇಶನ್ ಏಳುವ ಹೊತ್ತಿನಲ್ಲಿ ಲಿಸನರ್ ಎಂಬ ಒಂದು ಭಾಗ ಮುಗ್ಗರಿಸಿದರೆ ಟಾಮ್‌ಕ್ಯಾಟ್ ಇಡೀ ಅಪ್ಲಿಕೇಶನ್ನನ್ನೇ ನಿಲ್ಲಿಸಿಬಿಡುವುದರಿಂದ, ಆಗ ಅದರ ಎಲ್ಲ ಪುಟಗಳಿಗೂ 404 ಬರುತ್ತದೆ. ಪುಟದ ಫೈಲು ಇರಬೇಕಾದ ಜಾಗದಲ್ಲಿಯೇ ಇರುತ್ತದೆ. ಲಾಗಿನಲ್ಲಿ ‘ಕಾಸ್ಡ್ ಬೈ’ ಎಂದು ಒಂದರ ಕೆಳಗೊಂದು ಬರುವ ಸರಪಳಿಯ ತುದಿಯಲ್ಲಿರುವುದೇ ಮೂಲ ಕಾರಣವಾದ್ದರಿಂದ, ಅನುಭವಿಗಳು ಮೇಲಿನ ಸಾಲನ್ನು ಬಿಟ್ಟು ಕೊನೆಯ ‘ಕಾಸ್ಡ್ ಬೈ’ಯಿಂದ ಓದಲು ತೊಡಗುತ್ತಾರೆ.

ನ್ಯಾಯ-ವೈಶೇಷಿಕ ಶಾಸ್ತ್ರ ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ, ಮತ್ತು ಈ ವಿಂಗಡಣೆ ಜಾವಾ ದೋಷಗಳಿಗೆ ಹೊರಗಿನಿಂದ ತೊಡಿಸಿದ ಅಂಗಿಯಂತೆ ಕಾಣದೆ, ಪರಿಹಾರವನ್ನೇ ಸೂಚಿಸುವಷ್ಟು ಹತ್ತಿರವಾಗಿದೆ. ಹುಟ್ಟುವ ಮೊದಲಿನ ಅಭಾವ ಪ್ರಾಗಭಾವ: ಡೇಟಾಬೇಸ್ ಇನ್ನೂ ಎದ್ದಿರದಾಗ ಅಪ್ಲಿಕೇಶನ್ ಅದನ್ನು ಕರೆದು ಸೋತರೆ ಯಾವ ಫೈಲನ್ನೂ ತಿದ್ದಬೇಕಾಗಿಲ್ಲ, ಏಳುವ ಕ್ರಮವನ್ನು ಸರಿಪಡಿಸಿದರೆ ಸಾಕು. ನಾಶವಾದ ಮೇಲಿನ ಅಭಾವ ಪ್ರಧ್ವಂಸಾಭಾವ: ಹಳೆಯ ಅಪ್ಲಿಕೇಶನ್ನನ್ನು ನಿಲ್ಲಿಸಿ ಹೊಸದನ್ನು ಏರಿಸಿದ ಮೇಲೂ ಹಳೆಯದರ ಒಂದು ಥ್ರೆಡ್, ಎಂದರೆ ಕೆಲಸದ ಎಳೆ, ಉಳಿದುಕೊಂಡು ಕ್ಲಾಸ್ ಕೇಳಿದಾಗ, ಈ ಅಪ್ಲಿಕೇಶನ್ ಆಗಲೇ ನಿಂತುಹೋಗಿದೆ ಎಂದು ಟಾಮ್‌ಕ್ಯಾಟ್ ಲಾಗಿನಲ್ಲಿ ಬರೆಯುತ್ತದೆ, ಡಿಸ್ಕಿನಲ್ಲಿ ಫೈಲು ಇದೆ, ಅದನ್ನು ತಂದುಕೊಡಬೇಕಾದ ಲೋಡರ್ ಮಾತ್ರ ಮುಗಿದುಹೋಗಿದೆ. ಗಾಳಿಯಲ್ಲಿ ಬಣ್ಣವಿಲ್ಲ ಎಂಬಂತೆ ಮೂರು ಕಾಲಕ್ಕೂ ಸಲ್ಲುವುದು ಅತ್ಯಂತಾಭಾವ: ಲೈಬ್ರರಿಯ ಹೊಸ ಆವೃತ್ತಿಯನ್ನು ನಂಬಿ ಬರೆದ ಕೋಡು ಸರ್ವರಿನಲ್ಲಿ ಹಳೆಯ ಆವೃತ್ತಿಯನ್ನು ಸಂಧಿಸಿದಾಗ ಕ್ಲಾಸ್ ಸಿಕ್ಕರೂ ಅದರೊಳಗಿನ ಮೆಥಡ್, ಎಂದರೆ ಕರೆಯಬೇಕಾದ ಕೆಲಸದ ತುಣುಕು, ಸಿಗದೆ ‘ನೋ ಸಚ್ ಮೆಥಡ್ ಎರರ್’ ಬರುತ್ತದೆ, ಆ ಹಳೆಯ ಜಾರಿನಲ್ಲಿ ಆ ಮೆಥಡ್ ಎಂದೂ ಇರಲಿಲ್ಲ, ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಬರುವುದಿಲ್ಲ. ಇದು ಅದಲ್ಲ ಎಂಬ ಭೇದರೂಪದ ಅಭಾವ ಅನ್ಯೋನ್ಯಾಭಾವ, ಮತ್ತು ನಾಲ್ಕರಲ್ಲಿ ಹೊಸಬರನ್ನು ಅತಿ ಹೆಚ್ಚು ಬೆರಗುಗೊಳಿಸುವುದು ಇದೇ. ಜಾವಾದಲ್ಲಿ ಕ್ಲಾಸಿನ ಗುರುತು ಹೆಸರಷ್ಟೇ ಅಲ್ಲ, ಹೆಸರು ಮತ್ತು ತಂದ ಲೋಡರ್ ಇವೆರಡೂ ಕೂಡಿದ್ದು. ಆದ್ದರಿಂದ ಒಂದೇ ಜಾರ್ ಅಪ್ಲಿಕೇಶನ್ನಿನ ಲಿಬ್‌ನಲ್ಲಿಯೂ ಸರ್ವರಿನ ಲಿಬ್‌ನಲ್ಲಿಯೂ ಇದ್ದು, ಎರಡು ಲೋಡರುಗಳು ಒಂದೊಂದು ಪ್ರತಿಯನ್ನು ತಂದಾಗ, ಇಂಥ ಕ್ಲಾಸನ್ನು ಅದೇ ಹೆಸರಿನ ಕ್ಲಾಸಾಗಿ ಬಳಸಲಾಗದು ಎಂಬ ‘ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್’ ಬರುತ್ತದೆ. ಮೊದಲ ಓದಿಗೆ ಇದು ಗಡಿಗೆಯೇ ಗಡಿಗೆಯಲ್ಲ ಎಂದಂತೆ ತೋರುತ್ತದೆ. ಆದರೆ ಎರಡು ಗಡಿಗೆಗಳು ಎಷ್ಟೇ ಒಂದೇ ಅಚ್ಚಿನವಾದರೂ ಒಂದರಲ್ಲಿ ಇನ್ನೊಂದರ ಭೇದ ಇದ್ದೇ ಇರುತ್ತದೆ ಎಂಬ ವೈಶೇಷಿಕರ ಮಾತಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಸಿಗುವುದು ಕಷ್ಟ.

ಈ ನಾಲ್ಕರ ಎಲ್ಲೆಯಲ್ಲಿ ನಿಲ್ಲುವ ಇನ್ನೊಂದು ದೋಷವಿದೆ. ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್’ ಎಂಬುದು ಕೋಡು ಕಟ್ಟುವಾಗ ಇದ್ದ ಕ್ಲಾಸ್ ನಡೆಯುವಾಗ ಇಲ್ಲವೆಂದು ಹೇಳುವ ದೋಷವಾದರೂ, ಕ್ಲಾಸ್ ಇದ್ದೂ ಈ ದೋಷ ಬರುವುದುಂಟು. ಕ್ಲಾಸ್ ಮೊದಲ ಸಲ ಬಳಕೆಗೆ ಬರುವಾಗ ತನ್ನ ಸ್ಟ್ಯಾಟಿಕ್ ಭಾಗವನ್ನು, ಎಂದರೆ ಆರಂಭದ ಸಿದ್ಧತೆಗಳನ್ನು, ನಡೆಸಿಕೊಳ್ಳಬೇಕು. ಒಂದು ಸೆಟ್ಟಿಂಗ್ ಫೈಲು ಸಿಗದೆ ಆ ಸಿದ್ಧತೆ ವಿಫಲವಾದರೆ ಮೊದಲ ಸಲ ಬೇರೊಂದು ದೋಷ ಒಮ್ಮೆ ಮಾತ್ರ ಲಾಗಿನಲ್ಲಿ ಬಂದು ಹೋಗುತ್ತದೆ, ಆಮೇಲೆ ಕೇಳಿದಾಗಲೆಲ್ಲ ಕ್ಲಾಸಿನ ವ್ಯಾಖ್ಯೆ ಸಿಗಲಿಲ್ಲವೆಂಬ ದೋಷವೇ ಬರುತ್ತದೆ. ಕೊನೆಯ ಸಾಲುಗಳನ್ನು ಮಾತ್ರ ಓದಿ ಜಾರುಗಳಲ್ಲಿ ಕ್ಲಾಸನ್ನು ಹುಡುಕಹೊರಟವರ ದಿನವೆಲ್ಲ ಅದರಲ್ಲಿಯೇ ಕಳೆಯುತ್ತದೆ. ಇದಕ್ಕೆ ಪ್ರತಿಯಾಗಿ, ಜಾವಾ 17ರಲ್ಲಿ ಕಟ್ಟಿದ ಕ್ಲಾಸನ್ನು ಜಾವಾ 8ರ ಯಂತ್ರಕ್ಕೆ ಕೊಟ್ಟಾಗ ಬರುವ ದೋಷವಾಕ್ಯ, ಫೈಲಿನ ಆವೃತ್ತಿ 61, ತಾನು ಗುರುತಿಸಬಲ್ಲದ್ದು 52ರವರೆಗೆ ಮಾತ್ರ ಎಂದು ಎರಡೂ ಸಂಖ್ಯೆಗಳನ್ನು ಹೇಳುತ್ತದೆ. ನೋಡುವವನ ಯೋಗ್ಯತೆ ಎಷ್ಟೆಂಬುದನ್ನು ನೋಡುವವನೇ ಒಪ್ಪಿಕೊಳ್ಳುವ ಈ ವಾಕ್ಯವನ್ನು ಭಾಟ್ಟ ಮೀಮಾಂಸಕರು ಮೆಚ್ಚುತ್ತಿದ್ದರು ಎನ್ನಬಹುದು.

ಕರ್ನಾಟಕದ ಜೈನ ಪರಂಪರೆ ಆದರದಿಂದ ಕಾಪಾಡಿಕೊಂಡು ಬಂದ ಸಮಂತಭದ್ರನ ‘ಆಪ್ತಮೀಮಾಂಸೆ’ ಮತ್ತು ಅದಕ್ಕೆ ಅಕಲಂಕನು ಬರೆದ ‘ಅಷ್ಟಶತಿ’ ಈ ವಿಚಾರವನ್ನು ಬೇರೊಂದು ಕಡೆಯಿಂದ ಹಿಡಿದವು. ಪ್ರಾಗಭಾವವನ್ನು ಒಪ್ಪದಿದ್ದರೆ ಕಾರ್ಯವೆಲ್ಲ ಅನಾದಿಯಾಗುತ್ತದೆ, ಪ್ರಧ್ವಂಸಾಭಾವವನ್ನು ಒಪ್ಪದಿದ್ದರೆ ಅನಂತವಾಗುತ್ತದೆ ಎಂದು ಸಮಂತಭದ್ರನು ಎಚ್ಚರಿಸಿದನು. ಯಾವ ವಸ್ತುವಾದರೂ ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಇದೆ, ಪರದ್ರವ್ಯ, ಪರಕ್ಷೇತ್ರ ಮುಂತಾದವುಗಳ ದೃಷ್ಟಿಯಿಂದ ಇಲ್ಲ ಎಂಬುದು ಜೈನರ ಅನೇಕಾಂತದ ಹುರುಳು. ಇತ್ತೀಚಿನ ಒಂದು ಪ್ರಸಂಗ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಉದ್ಯಮಗಳಿಗಾಗಿ ರೂಪಿಸಿದ ಜಾವಾ ಇಇ ವೇದಿಕೆಯನ್ನು ಒರಾಕಲ್ ಸಂಸ್ಥೆ 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಲು ಮುಂದಾಯಿತು. ‘ಜಾವಾಎಕ್ಸ್’ ಎಂಬ ಹಳೆಯ ಹೆಸರಿನಡಿಯಲ್ಲಿ ಮುಂದಿನ ಬದಲಾವಣೆಗಳನ್ನು ಮಾಡಲು ಎರಡು ಸಂಸ್ಥೆಗಳ ನಡುವೆ ಒಪ್ಪಂದವಾಗದ ಕಾರಣ 2020ರ ಜಕಾರ್ತಾ ಇಇ 9ರಲ್ಲಿ ಸರ್ವ್ಲೆಟ್, ಎಂದರೆ ಬ್ರೌಸರಿನ ಕೋರಿಕೆಗೆ ಸರ್ವರಿನಲ್ಲಿ ಉತ್ತರಿಸುವ ಕ್ಲಾಸ್, ಮುಂತಾದವುಗಳ ಎಲ್ಲ ಪ್ಯಾಕೇಜುಗಳ ಹೆಸರೂ ‘ಜಕಾರ್ತಾ’ ಎಂದು ಬದಲಾಯಿತು. ಟಾಮ್‌ಕ್ಯಾಟ್ 9 ಹಳೆಯ ಹೆಸರನ್ನೇ ಬಲ್ಲದು, ಟಾಮ್‌ಕ್ಯಾಟ್ 10 ಹೊಸದನ್ನು ಮಾತ್ರ ಬಲ್ಲದು. ಒಂಬತ್ತರಲ್ಲಿ ಸರಾಗವಾಗಿ ನಡೆಯುತ್ತಿದ್ದ ಅಪ್ಲಿಕೇಶನ್ನನ್ನು ಹಾಗೆಯೇ ಹತ್ತರ ವೆಬ್‌ಆ್ಯಪ್ಸ್ ಫೋಲ್ಡರಿಗೆ ನಕಲು ಮಾಡಿದರೆ, ಕೆಲವೊಮ್ಮೆ ಕ್ಲಾಸ್ ಸಿಗಲಿಲ್ಲವೆಂಬ ದೋಷ ಬರುತ್ತದೆ. ಸರ್ವ್ಲೆಟನ್ನು ಹಳೆಯ ಹೆಸರಿನ ಅನೊಟೇಶನ್ನಿನಿಂದ, ಎಂದರೆ ಕೋಡಿನಲ್ಲಿಯೇ ಇಟ್ಟ ಗುರುತಿನಿಂದ, ಸೂಚಿಸಿದ್ದರೆ ಹೊಸ ಸರ್ವರು ಆ ಗುರುತನ್ನು ಗಮನಿಸುವುದೇ ಇಲ್ಲವಾದ್ದರಿಂದ ದೋಷವೇ ಬರದೆ 404 ಮಾತ್ರ ಬರುತ್ತದೆ. ಒಂದೇ ಸರ್ವ್ಲೆಟ್ ಒಂಬತ್ತರ ಕ್ಷೇತ್ರದಲ್ಲಿ ಇದೆ, ಹತ್ತರ ಕ್ಷೇತ್ರದಲ್ಲಿ ಇಲ್ಲ.

ಲಾಗನ್ನು ಆಮೇಲೆ ಕುಳಿತು ಓದುವ ಪ್ರಸಂಗವನ್ನು ಕುಮಾರಿಲಭಟ್ಟನ ಒಂದು ವಾದ ವಿಸ್ಮಯಕರವಾಗಿ ಮುಟ್ಟುತ್ತದೆ. ಒಬ್ಬನು ಬೆಳಿಗ್ಗೆ ಒಂದು ಸ್ಥಳವನ್ನು ನೋಡಿ ಹೋಗಿರುತ್ತಾನೆ. ಆಮೇಲೆ ಬೇರೆ ಕಡೆ ಇದ್ದಾಗ, ಅಲ್ಲಿ ಇಂಥವನು ಇದ್ದನೇ ಎಂದು ಯಾರೋ ಕೇಳಿದರೆ, ಇರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯುತ್ತದೆ. ಬೆಳಿಗ್ಗೆ ಅವನು ಆ ವ್ಯಕ್ತಿಯನ್ನು ನೆನೆದೇ ಇರಲಿಲ್ಲವಾದ್ದರಿಂದ ಇಲ್ಲದಿರುವಿಕೆಯನ್ನು ಆಗ ಕಂಡಿದ್ದನೆನ್ನಲಾಗದು, ಈಗಲಾದರೋ ಕಣ್ಣೆದುರಿಗೆ ಆ ಸ್ಥಳವಿಲ್ಲ; ಆದ್ದರಿಂದ ಈ ಅರಿವು ಇಂದ್ರಿಯದಿಂದ ಬಂದದ್ದಲ್ಲ ಎಂಬುದು ಕುಮಾರಿಲನ ತರ್ಕ. ಸರ್ವರು ಬರೆದ ಲಾಗ್ ಇಂಥ ಬೆಳಗಿನ ನೋಟದ ಹಾಗಿದೆ: ಅದು ಆದದ್ದನ್ನು ಬರೆದಿದೆಯೇ ಹೊರತು ಆಗದ್ದನ್ನು ಬರೆದಿಲ್ಲ. ಡಿಪ್ಲಾಯ್‌ಮೆಂಟ್ ಇಷ್ಟು ಮಿಲಿಸೆಕೆಂಡುಗಳಲ್ಲಿ ಮುಗಿಯಿತು ಎಂಬ ಸಾಲು ಇದ್ದು, ಅದಕ್ಕೆ ಮೊದಲು ಬರಬೇಕಾಗಿದ್ದ ಡೇಟಾಬೇಸ್ ಸಂಪರ್ಕದ ಸಾಲು ಇಲ್ಲದಿರುವುದನ್ನು ಗುರುತಿಸಬಲ್ಲವನು ಅಲ್ಲಿ ಏನಿರಬೇಕಾಗಿತ್ತು ಎಂಬುದನ್ನು ಬಲ್ಲವನು ಮಾತ್ರ. ಆದರೆ ಯೋಗ್ಯತೆಯ ಕಟ್ಟುಪಾಡು ಇಲ್ಲಿಯೂ ಅಡ್ಡ ಬರುತ್ತದೆ, ಬರಬೇಕು ಕೂಡ: ಲಾಗಿನ ಮಟ್ಟವನ್ನು ಎಚ್ಚರಿಕೆಗಳಿಗಷ್ಟೇ ಇಳಿಸಿಟ್ಟಿದ್ದರೆ ಮಾಹಿತಿಯ ಸಾಲು ಬರುವುದೇ ಇಲ್ಲ, ಆಗ ಅದು ಇಲ್ಲದಿರುವುದು ಯಾವುದಕ್ಕೂ ಪ್ರಮಾಣವಲ್ಲ.

ಇದೇ ಕಟ್ಟುಪಾಡಿನ ಮೇಲೆ ಭಾರತೀಯ ಚಿಂತನೆಯ ಅತಿ ದೊಡ್ಡ ಧಾರ್ಮಿಕ ವಾದವೊಂದು ನಿಂತಿದೆ. ಈಶ್ವರನು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂಬ ಆಕ್ಷೇಪಕ್ಕೆ ಉದಯನಾಚಾರ್ಯನು ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ ಉತ್ತರ ಕೊಡುತ್ತಾ, ಕಾಣಲು ಯೋಗ್ಯವಾದುದು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು, ಸ್ವಭಾವದಿಂದಲೇ ಇಂದ್ರಿಯಕ್ಕೆ ನಿಲುಕದ ಈಶ್ವರನ ವಿಷಯದಲ್ಲಿ ಕಾಣದಿರುವಿಕೆ ಏನನ್ನೂ ಸಾಧಿಸದು ಎಂದನು. ಇದರಿಂದ ಈಶ್ವರನು ಇದ್ದಾನೆಂದೂ ಸಿದ್ಧವಾಗುವುದಿಲ್ಲವೆಂಬುದನ್ನು ಉದಯನನು ಬಲ್ಲವನಾಗಿದ್ದನು. ಆದ್ದರಿಂದಲೇ ಐದನೆಯ ಸ್ತಬಕದಲ್ಲಿ ಇರವಿನ ಸಾಧನೆಗೆ ಬೇರೆ ವಾದಗಳನ್ನು ಮುಂದಿಟ್ಟನು. ಅನುಪಲಬ್ಧಿಯನ್ನು ಪ್ರಮಾಣವೆಂದು ಸ್ಥಾಪಿಸಿದ ಕುಮಾರಿಲನು ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪಿದವನಲ್ಲ, ಒಪ್ಪದಿರಲು ಅವನು ಕೊಟ್ಟ ಕಾರಣಗಳೂ ಕಾಣಲಿಲ್ಲ ಎಂಬಷ್ಟಕ್ಕೆ ನಿಲ್ಲಲಿಲ್ಲ. ಪರಸ್ಪರ ವಿರೋಧಿಗಳಾದ ಈ ಇಬ್ಬರೂ ‘ಇಲ್ಲ’ ಎಂಬ ಮಾತಿನ ಬೆಲೆಯನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆಂಬುದು ಈ ಚರ್ಚೆಯಲ್ಲಿ ಅತ್ಯಂತ ಗೌರವಾರ್ಹವಾದ ಸಂಗತಿ. ಆಸ್ತಿಕನಾಗಲಿ ನಾಸ್ತಿಕನಾಗಲಿ ತಾನು ಎಲ್ಲಿ ನೋಡಿದೆ, ಹೇಗೆ ನೋಡಿದೆ ಎಂಬುದನ್ನು ಹೇಳದೆ ‘ಇಲ್ಲ’ ಎನ್ನುವ ಅಧಿಕಾರವನ್ನು ಪಡೆಯುವುದಿಲ್ಲ.

ಇಂದು ಈ ಅಧಿಕಾರವನ್ನು ಯಂತ್ರಗಳಿಗೆ ಧಾರಾಳವಾಗಿ ಕೊಡಲಾಗಿದೆ ಎಂಬುದರಿಂದ ಚರ್ಚೆಗೆ ಹೊಸ ತುರ್ತು ಬಂದಿದೆ. ಪಹಣಿ, ಪಿಂಚಣಿ, ಪಡಿತರ, ಬೆಳೆವಿಮೆ ಯಾವುದೇ ಇರಲಿ, ತಂತ್ರಾಂಶ ಯಾವ ಭಾಷೆಯದೇ ಇರಲಿ, ‘ದಾಖಲೆ ಲಭ್ಯವಿಲ್ಲ’ ಎಂಬ ಸಾಲು ಪರದೆಯ ಮೇಲೆ ಬಂದಾಗ ಕೌಂಟರಿನ ಆಚೆ ಕುಳಿತವರು ಅದನ್ನು ‘ನಿಮ್ಮ ಹೆಸರಿನಲ್ಲಿ ಏನೂ ಇಲ್ಲ’ ಎಂದು ಓದಿ ಹೇಳುತ್ತಾರೆ, ಬಬ್ಬೂರಿನಂಥ ಊರಿನಿಂದ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬಂದವರು ಅದನ್ನೇ ನಂಬಿ ಹಿಂತಿರುಗುತ್ತಾರೆ. ಡೇಟಾಬೇಸ್ ಸಂಪರ್ಕ ಕಡಿದುಹೋದದ್ದನ್ನೂ, ಹುಡುಕಿ ನೋಡಿ ದಾಖಲೆ ಇಲ್ಲವೆಂದು ತಿಳಿದದ್ದನ್ನೂ ಒಂದೇ ವಾಕ್ಯದಿಂದ ಹೇಳುವಂತೆ ಕೋಡು ಬರೆಯುವುದು ತೀರ ಸುಲಭ. ದೋಷವನ್ನು ಹಿಡಿದು ಖಾಲಿ ಪಟ್ಟಿಯೊಂದನ್ನು ಹಿಂತಿರುಗಿಸಿದರಾಯಿತು. ಹಾಗೆ ಬರೆದವರು ಜ್ಞಾನವಿಲ್ಲದಿರುವುದನ್ನು ವಸ್ತುವಿಲ್ಲವೆಂಬ ಜ್ಞಾನವಾಗಿ ಮಾರ್ಪಡಿಸುತ್ತಾರೆ, ಮತ್ತು ಆ ಅಪ್ರಮಾಣದ ಭಾರವನ್ನು ಹೊರುವವರು ಅದನ್ನು ಪ್ರಶ್ನಿಸಲು ಎಲ್ಲರಿಗಿಂತ ಕಡಿಮೆ ಬಲವುಳ್ಳವರು.

ಸಮಾಧಾನದ ಸಂಗತಿಯೆಂದರೆ, ಜಾವಾವನ್ನು ಬೆಳೆಸುತ್ತಿರುವವರು ತಮ್ಮ ದೋಷವಾಕ್ಯಗಳಿಗೆ ಅಧಿಕರಣವನ್ನು ಒಂದೊಂದಾಗಿ ಸೇರಿಸುತ್ತಾ ಬಂದಿದ್ದಾರೆ. 2018ರ ಜಾವಾ 11ರಿಂದ ‘ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್’ ಎರಡೂ ಕ್ಲಾಸುಗಳು ಯಾವ ಯಾವ ಲೋಡರಿನವು ಎಂಬುದನ್ನು ಹೇಳುತ್ತದೆ. 2020ರ ಜಾವಾ 14ರೊಂದಿಗೆ, ಬೆಲೆಯಿಲ್ಲದ ನಲ್ ಅನ್ನು ಮುಟ್ಟಿದಾಗ ಬರುವ ‘ನಲ್ ಪಾಯಿಂಟರ್ ಎಕ್ಸೆಪ್ಶನ್’ ಯಾವ ಚರಾಕ್ಷರ ನಲ್ ಆಗಿತ್ತೆಂಬುದನ್ನು ಹೆಸರಿಸಲು ಕಲಿತಿತು. ‘ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಶನ್’ ಮಾತ್ರ ಈಗಲೂ ಸಾಮಾನ್ಯವಾಗಿ ಸಿಗದ ಕ್ಲಾಸಿನ ಹೆಸರೊಂದನ್ನೇ ಹೇಳಿ ನಿಲ್ಲುತ್ತದೆ. ಎಲ್ಲೆಲ್ಲಿ ಹುಡುಕಲಾಯಿತೆಂಬುದನ್ನು ತಿಳಿಯಬೇಕಾದವರು ಯಾವ ಕ್ಲಾಸ್ ಯಾವ ಜಾರಿನಿಂದ ಬಂತೆಂದು ಸಾಲುಸಾಲಾಗಿ ಬರೆಯುವ ‘ವರ್ಬೋಸ್ ಕ್ಲಾಸ್’ ಆಯ್ಕೆಯೊಂದಿಗೆ ಸರ್ವರನ್ನು ಮತ್ತೆ ಎಬ್ಬಿಸಿ, ವಾರ್ ಫೈಲನ್ನು ಬಿಚ್ಚಿ ಅದರ ಲಿಬ್ ಫೋಲ್ಡರನ್ನು ಕಣ್ಣಾರೆ ನೋಡಿ, ಆ ವಾಕ್ಯದ ಉಳಿದ ಅರ್ಧವನ್ನು ತಾವೇ ಪೂರೈಸಿಕೊಳ್ಳಬೇಕಾಗಿದೆ.